ಕಾರ್ಡ್‌ಲೆಸ್ ಮೈಕಿನ ಗೇನ್: ಕೊನೆಯ ಬೆಂಚಿಗೂ ಕೇಳಿಸಲಿ



ಕೆಲ ಕಾಲದ ಹಿಂದೆ ನಾವು ಬೀದರಿಗೆ ಹೋಗಿದ್ದೆವು. ಅಲ್ಲಿ ಸೇವೆ ಸಲ್ಲಿಸುತ್ತಿರುವ ಗುರುಮಿತ್ರರೊಬ್ಬರನ್ನು ಕಂಡು ಎರಡು ದಿನ ಅವರೊಂದಿಗಿದ್ದು ಬರುವುದು ನಮ್ಮ ಉದ್ದೇಶವಾಗಿತ್ತು. ಕರಾವಳಿಗೂ ಆ ನಾಡಿಗೂ ಹಳೆಯ ನಂಟಿದೆ. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದರ ಪ್ರಥಮ ಧರ್ಮಾಧ್ಯಕ್ಷರಾದವರು ಕರಾವಳಿ ಮೂಲದ ಪರಮಪೂಜ್ಯ ರಾಬರ್ಟ್ ಮೈಕಲ್ ಮಿರಾಂದ. ಬೀದರ್ ಜಿಲ್ಲೆ ಆ ಧರ್ಮಪ್ರಾಂತ್ಯಕ್ಕೆ ಸೇರಿದೆ. ಅಲ್ಲಿನ ಕೆಂಪು ಕಲ್ಲಿನ ಗೋಡೆಗಳನ್ನು ಕಂಡರೆ ನಮ್ಮೂರಿಗೇ ಬಂದಂತೆ ಅನಿಸುತ್ತದೆ.

ನಗರದ ಮೈಲೂರ ಭಾಗದ ಒಂದು ಸಭಾಂಗಣದಲ್ಲಿ ಆ ಸಂಜೆ ತೀರಿಹೋದ ಹಿರಿಯರೊಬ್ಬರ ಸ್ಮರಣೆಯ ಬಲಿಪೂಜೆ ಇತ್ತು. ಬೇಸಿಗೆಯಾದ್ದರಿಂದ ಎರಡು ಕೂಲರ್‌ಗಳು ಬುಸುಗುಡುತ್ತಿದ್ದವು. ನಮ್ಮ ಉಡುಪಿಗೆ ಒಂದು ಕಾಲರ್ ಮೈಕ್ ಸಿಕ್ಕಿಸಿದರು. ಮಾತು ಆರಂಭಿಸಿದ ಕೂಡಲೇ ಸ್ಪೀಕರಿನಿಂದ ಮಳೆ ಸುರಿದಂತೆ 'ಸ್ಸ್' ಎಂಬ ಸದ್ದು ಬಂತು. ಅದರ ನಡುವೆ ನಮ್ಮ ದನಿ ಎಲ್ಲೋ ದೂರದಿಂದ ಬಂದಂತಿತ್ತು. ಮೈಕ್ ನೋಡಿಕೊಳ್ಳುತ್ತಿದ್ದ ಹುಡುಗ ಸ್ವರ ಏರಿಸಿದ. ಮೈಕ್ ಕಿರುಚಿಕೊಂಡಿತು. ಹುಡುಗ ಗಾಬರಿಯಾಗಿ ಇಳಿಸಿದ. ಪೂಜೆ ಮುಗಿಯುವವರೆಗೂ ಹೀಗೇ ನಡೆಯಿತು.

ಪೂಜೆಯ ನಂತರ ತೀರಿಹೋದವರ ಪತ್ನಿ, ಎಪ್ಪತ್ತು ದಾಟಿದ ತಾಯಿ, ನಮ್ಮ ಬಳಿ ಬಂದು ಕೈಮುಗಿದರು. "ಫಾದರ್, ಪೂಜೆ ಛಲೋ ಆತ್ರಿ. ಆದ್ರ ನಮ್ಮ ಮನಿಯವರ ಹೆಸರು ಸೈತ ಕೇಳಸ್ಲಿಲ್ರಿ" ಎಂದರು. ಅವರ ಮಾತಿನಲ್ಲಿ ದೂರಿನ ದನಿ ಇರಲಿಲ್ಲ. ಆದರೆ ನಮಗೆ ಆ ರಾತ್ರಿ ಊಟ ರುಚಿಸಲಿಲ್ಲ. ಅವರು ಅಷ್ಟು ದೂರ ನಡೆದು ಬಂದದ್ದೇ ಆ ಹೆಸರು ಬಲಿಪೀಠದಿಂದ ಕೇಳಿಬರುವುದನ್ನು ಕೇಳಲು.

ಊಟದ ಹೊತ್ತಿಗೆ ಇನ್ನೊಂದು ಸಂಗತಿ ತಿಳಿಯಿತು. ಈ ತೊಂದರೆ ಹಲವು ವಾರಗಳಿಂದ ಇತ್ತು. ಮೈಕಿನ ಹುಡುಗ ಎಲ್ಲರಿಂದ ಬೈಗುಳ ತಿಂದಿದ್ದ. ಹೊಸ ಮೈಕ್ ಸೆಟ್ ಕೊಳ್ಳಲು ಹಣ ಸಂಗ್ರಹಿಸುವ ಮಾತು ನಡೆದಿತ್ತು. ಕೂಲಿ ಮಾಡುವವರೇ ಹೆಚ್ಚಿರುವ ಸಮುದಾಯಕ್ಕೆ ಅದು ಸಣ್ಣ ಹೊರೆಯಲ್ಲ. ಮರುದಿನ ಬೆಳಿಗ್ಗೆ ನಾವೂ ಆ ಹುಡುಗನೂ ಕುಳಿತು ನೋಡಿದೆವು. ಸೊಂಟಕ್ಕೆ ಸಿಕ್ಕಿಸುವ ಪೆಟ್ಟಿಗೆಯ ಬ್ಯಾಟರಿ ಮುಚ್ಚಳದೊಳಗೆ ಒಂದು ಪುಟ್ಟ ಸ್ವಿಚ್ ಇತ್ತು. ಜೋರಾಗಿ ಹಾಡುವವರಿಗಾಗಿ ಯಾರೋ ಅದನ್ನು ಮೈನಸ್ 20ಕ್ಕೆ ಇಟ್ಟಿದ್ದರು. ಮತ್ತೆ ಯಾರೂ ಅದನ್ನು ಮುಟ್ಟಿರಲಿಲ್ಲ. ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಹೊಸ ಸೆಟ್ ಬೇಕಾಗಲಿಲ್ಲ.

ನಮ್ಮ ಕರಾವಳಿಯ ಚರ್ಚುಗಳಲ್ಲೂ ಇಂಥದ್ದೇ ನಡೆಯುತ್ತಿರುವುದನ್ನು ನಾವು ಕಂಡಿದ್ದೇವೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಸೂಕ್ತವೆಂದು ಭಾವಿಸಿದ್ದೇವೆ. ಧರ್ಮಗುರುಗಳು, ಸಾಕ್ರಿಸ್ತಾನರು, ವಾಚಕರು, ಗಾನವೃಂದದವರು ಮತ್ತು ಮೈಕ್ ನೋಡಿಕೊಳ್ಳುವ ಯುವಜನರು ಇದನ್ನು ಓದಬೇಕೆಂದು ನಮ್ಮ ಕೋರಿಕೆ.

ಕೇಳಿಸುವುದು ಪೂಜಾವಿಧಿಯ ಭಾಗ

ಮೈಕಿನ ವಿಷಯ ಮೈಕಿನವರಿಗೆ ಬಿಟ್ಟದ್ದು ಎಂದು ನಾವು ಗುರುಗಳು ಸಾಮಾನ್ಯವಾಗಿ ಸುಮ್ಮನಾಗುತ್ತೇವೆ. ಆದರೆ ಧರ್ಮಸಭೆಯ ದೃಷ್ಟಿ ಬೇರೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಪೂಜಾವಿಧಿಯ ಸಂವಿಧಾನ ಜನರ ಸಕ್ರಿಯ ಭಾಗವಹಿಸುವಿಕೆಗೆ ಒತ್ತು ನೀಡಿತು. ಕೇಳಿಸದ ಪ್ರಾರ್ಥನೆಗೆ ಜನರು ಆಮೆನ್ ಹೇಳುವುದಾದರೂ ಹೇಗೆ? ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳ 309ನೇ ಕಲಮು ವಾಚನ ಪೀಠದಲ್ಲಿ ನಿಂತವರು ಜನರಿಗೆ ಸುಲಭವಾಗಿ ಕಾಣುವಂತೆಯೂ ಕೇಳಿಸುವಂತೆಯೂ ವ್ಯವಸ್ಥೆ ಇರಬೇಕೆನ್ನುತ್ತದೆ. 32ನೇ ಕಲಮಿನ ಪ್ರಕಾರ ಗುರುಗಳು ಸಭೆಯ ಪರವಾಗಿ ಹೇಳುವ ಪ್ರಾರ್ಥನೆಗಳು ಸ್ಪಷ್ಟ ಸ್ವರದಲ್ಲಿರಬೇಕು, ಆ ಹೊತ್ತಿಗೆ ವಾದ್ಯಗಳು ಮೌನವಾಗಿರಬೇಕು. ವಿಶ್ವಾಸಕ್ಕೂ ಕಿವಿಗೂ ಇರುವ ಸಂಬಂಧವನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿ ವಿವರಿಸಿದ್ದಾರೆ.

ನಿಸ್ತಂತು ವಿದ್ಯೆ ಧರ್ಮಸಭೆಗೆ ಹೊಸದೇನೂ ಅಲ್ಲ. 1931ರ ಫೆಬ್ರವರಿ 12ರಂದು ಪೋಪ್ 11ನೇ ಪಿಯುಸ್ ಅವರು ಮಾರ್ಕೋನಿ ಕಟ್ಟಿಕೊಟ್ಟ ವ್ಯಾಟಿಕನ್ ರೇಡಿಯೋವನ್ನು ಉದ್ಘಾಟಿಸಿ ಜಗತ್ತಿಗೆ ಸಂದೇಶ ನೀಡಿದ್ದರು. ನಮ್ಮ ಕೊರಳಿನ ಕಾರ್ಡ್‌ಲೆಸ್ ಮೈಕ್ ಕೂಡ ಒಂದು ಪುಟ್ಟ ರೇಡಿಯೋ ಕೇಂದ್ರವೇ. ಸೊಂಟದ ಪೆಟ್ಟಿಗೆ ಪ್ರಸಾರ ಮಾಡುತ್ತದೆ, ಸಾಕ್ರಿಸ್ತಿಯಲ್ಲೋ ಮಿಕ್ಸರ್ ಪಕ್ಕದಲ್ಲೋ ಇರುವ ರಿಸೀವರ್ ಅದನ್ನು ಹಿಡಿಯುತ್ತದೆ.

ಗೇನ್ ಎಂದರೇನು?

ಬರುವ ಸ್ವರವನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕೆಂದು ನಿರ್ಧರಿಸುವುದೇ ಗೇನ್. ತಂತಿಯ ಮೈಕಿಗೆ ಮಿಕ್ಸರಿನಲ್ಲಿ ಒಂದು ಗೇನ್ ಗುಂಡಿ ಇರುತ್ತದೆ. ಕಾರ್ಡ್‌ಲೆಸ್ ಮೈಕಿನಲ್ಲಿ ಸ್ವರ ಒಂದರ ನಂತರ ಒಂದರಂತೆ ನಾಲ್ಕು ಕಡೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಮೊದಲನೆಯದು ಮೈಕಿನ ಪೆಟ್ಟಿಗೆಯಲ್ಲಿರುವ ಗೇನ್. ಎರಡನೆಯದು ರಿಸೀವರಿನ ಔಟ್‌ಪುಟ್ ಗುಂಡಿ. ಮೂರನೆಯದು ಮಿಕ್ಸರಿನ ಗೇನ್. ನಾಲ್ಕನೆಯದು ಮಿಕ್ಸರಿನ ಫೇಡರ್ ಮತ್ತು ಆಂಪ್ಲಿಫೈಯರ್.

ಇದನ್ನು ಒಂದೇ ಪೈಪಿನ ನಾಲ್ಕು ನಲ್ಲಿಗಳಂತೆ ತಿಳಿಯಬಹುದು. ಮೊದಲ ನಲ್ಲಿಯನ್ನು ಬಿಗಿಹಿಡಿದು ಕೊನೆಯದನ್ನು ಪೂರ್ತಿ ತೆರೆದರೆ ನೀರಿಗಿಂತ ಗಾಳಿಯ ಬುಸುಬುಸು ಸದ್ದೇ ಹೆಚ್ಚು. ಮೈಲೂರಿನಲ್ಲಿ ಆದದ್ದು ಇದೇ. ಮೊದಲ ನಲ್ಲಿಯಲ್ಲೇ ನೀರು ಕೆಸರಾದರೆ ಮುಂದಿನ ಯಾವ ನಲ್ಲಿಯೂ ಅದನ್ನು ತಿಳಿಗೊಳಿಸಲಾರದು. ಮೈಕಿನ ಪೆಟ್ಟಿಗೆಯ ಗೇನ್ ಅತಿಯಾದಾಗ ಆಗುವುದು ಅದು.

ಕಾರಣ ಸರಳ. ರೇಡಿಯೋ ದಾರಿಯಲ್ಲಿ ಯಾವಾಗಲೂ ಸ್ವಲ್ಪ 'ಸ್ಸ್' ಸದ್ದು ಇದ್ದೇ ಇರುತ್ತದೆ. ಸ್ವರ ದುರ್ಬಲವಾಗಿ ಹೊರಟರೆ ಅದು ಈ ಸದ್ದಿನ ಮಟ್ಟದಲ್ಲೇ ಇರುತ್ತದೆ. ಮುಂದೆ ಸ್ವರವನ್ನು ಏರಿಸಿದಾಗ 'ಸ್ಸ್' ಕೂಡ ಜೊತೆಗೇ ಏರುತ್ತದೆ. ಸ್ವರ ಅತಿ ಜೋರಾಗಿ ಹೊರಟರೆ ಪ್ರಸಾರಕ್ಕಿರುವ ಮಿತಿಗೆ ತಾಗಿ ಅದರ ತುದಿಗಳು ಕತ್ತರಿಸಿಹೋಗುತ್ತವೆ. ಕಿವಿಗೆ ಅದು ಒಡಕು ಮಡಕೆಯ ಸದ್ದಿನಂತೆ ಕೇಳುತ್ತದೆ.

ಹಳೆಯ ಬಗೆಯ, ಅಂದರೆ ಅನಲಾಗ್ ಮೈಕುಗಳಲ್ಲಿ ಮತ್ತೊಂದು ಸೂಕ್ಷ್ಮವಿದೆ. ಸ್ವರದ ಏರಿಳಿತವನ್ನು ಪೆಟ್ಟಿಗೆ ಅರ್ಧಕ್ಕೆ ಮಡಿಸಿ ಕಳುಹಿಸುತ್ತದೆ, ರಿಸೀವರ್ ಅದನ್ನು ಮತ್ತೆ ಬಿಡಿಸುತ್ತದೆ. ಚಾಪೆಯನ್ನು ಸುತ್ತಿ ಬಸ್ಸಿನಲ್ಲಿ ಸಾಗಿಸಿ ಮನೆಯಲ್ಲಿ ಹಾಸಿದಂತೆ. ಗೇನ್ ತೀರಾ ಕಡಿಮೆಯಿದ್ದರೆ ಪ್ರತಿ ಮಾತಿನ ಹಿಂದೆ 'ಸ್ಸ್' ಬಂದು ಹೋಗುವುದು ಕೇಳುತ್ತದೆ. ಮಾತು ನಿಂತಾಗ ಅದೂ ನಿಲ್ಲುತ್ತದೆ.

ಹೊಂದಿಸುವ ಕ್ರಮ

ಈ ಕೆಲಸವನ್ನು ಶನಿವಾರ ಸಂಜೆ ಚರ್ಚ್ ಖಾಲಿ ಇರುವಾಗ ಮಾಡಿರಿ. ಭಾನುವಾರ ಪೂಜೆಗೆ ಐದು ನಿಮಿಷ ಇರುವಾಗ ಬೇಡ. ಮಿಕ್ಸರಿನಲ್ಲಿ ಕುಳಿತವರೊಬ್ಬರು, ಮೈಕ್ ಧರಿಸಿದವರೊಬ್ಬರು, ಕೊನೆಯ ಬೆಂಚಿನಲ್ಲಿ ಕೇಳುವವರೊಬ್ಬರು, ಹೀಗೆ ಮೂವರು ಸಾಕು.

1. ಪೆಟ್ಟಿಗೆಗೆ ಹೊಸ ಸೆಲ್ ಹಾಕಿರಿ. ಮಿಕ್ಸರಿನಲ್ಲಿ ಆ ಮೈಕಿನ ಫೇಡರನ್ನು ಪೂರ್ತಿ ಇಳಿಸಿ, ಗೇನ್ ಗುಂಡಿಯನ್ನೂ ಕನಿಷ್ಠಕ್ಕೆ ತನ್ನಿರಿ.

2. ಮೈಕನ್ನು ಅದರ ನಿಜವಾದ ಸ್ಥಾನದಲ್ಲಿ ಸಿಕ್ಕಿಸಿರಿ. ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣಿಗಿಂತ ಕೆಳಗಿರಬಾರದು. ದೂರ ಎರಡು ಪಟ್ಟಾದರೆ ಸ್ವರ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎದೆಯ ನಡುವೆ ಸಿಕ್ಕಿಸಿದ ಮೈಕನ್ನು ಮಿಕ್ಸರಿನವರು ಸರಿಪಡಿಸಲಾರರು.

3. ಈಗ ಮೈಕ್ ಧರಿಸಿದವರು ಅತಿ ಜೋರಾಗಿ ಹೇಳುವ ಭಾಗವನ್ನೇ ಹೇಳಲಿ. 'ಹಲೋ, ಒನ್, ಟೂ, ತ್ರೀ' ಎಂದು ಮೆಲ್ಲಗೆ ಹೇಳಿದರೆ ಸಾಲದು. ಗುರುಗಳಾದರೆ ಪ್ರಾಸ್ತಾವಿಕ ಸ್ತುತಿಯನ್ನು ಹಾಡಲಿ, ಪ್ರವಚನದಲ್ಲಿ ಉತ್ಸಾಹ ಬಂದಾಗ ಮಾತಾಡುವ ರೀತಿಯಲ್ಲೇ ಮಾತಾಡಲಿ. ರಿಸೀವರಿನ ಮೇಲೆ ಎಎಫ್ ಎಂದು ಬರೆದ ಮೀಟರನ್ನೋ, ಪೀಕ್ ಎಂಬ ಕೆಂಪು ದೀಪವನ್ನೋ ನೋಡಿರಿ. ಆರ್‌ಎಫ್ ಎಂಬ ಮೀಟರ್ ಬೇರೆ. ಅದು ರೇಡಿಯೋ ಸಂಕೇತದ ಬಲವನ್ನು ತೋರಿಸುತ್ತದೆ, ಸ್ವರವನ್ನಲ್ಲ. ಇವೆರಡನ್ನೂ ಒಂದೆಂದು ತಿಳಿದು ಮೋಸಹೋದವರು ಬಹಳ ಮಂದಿ.

4. ಪೆಟ್ಟಿಗೆಯ ಗೇನನ್ನು ನಿಧಾನವಾಗಿ ಏರಿಸಿ, ಅತಿ ಜೋರಿನ ಮಾತಿಗೆ ಕೆಂಪು ದೀಪ ಹೊತ್ತಿದ ಕೂಡಲೇ ಒಂದು ಮೆಟ್ಟಿಲು ಇಳಿಸಿರಿ. ಕೆಂಪು ದೀಪ ಅಪರೂಪಕ್ಕೊಮ್ಮೆ ಮಿಣುಕಿದರೆ ಚಿಂತೆಯಿಲ್ಲ, ಹೊತ್ತಿಕೊಂಡೇ ಇರಬಾರದು. ಕೆಲವು ಪೆಟ್ಟಿಗೆಗಳಲ್ಲಿ 0, ಮೈನಸ್ 10, ಮೈನಸ್ 20 ಎಂಬ ಸ್ವಿಚ್ ಇರುತ್ತದೆ. ಮೆಲುದನಿಯವರಿಗೆ 0 ಕಡೆಗೆ, ಗಟ್ಟಿ ದನಿಯವರಿಗೆ ಮೈನಸ್ ಕಡೆಗೆ ಇಡಬೇಕು. ಕೆಲವಲ್ಲಿ ಮುಚ್ಚಳದೊಳಗೆ ಪುಟ್ಟ ತಿರುಪು ಇರುತ್ತದೆ. ಅದನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಿರುಗಿಸಬೇಕು, ಬಲ ಹಾಕಿದರೆ ಮುರಿಯುತ್ತದೆ. ಕೆಲವು ಹೊಸ ಡಿಜಿಟಲ್ ಮೈಕುಗಳಲ್ಲಿ ಈ ಹೊಂದಾಣಿಕೆಯೇ ಬೇಕಾಗುವುದಿಲ್ಲ.

5. ರಿಸೀವರಿನ ಹಿಂದೆ ಮೈಕ್, ಲೈನ್ ಎಂಬ ಸ್ವಿಚ್ ಇದೆಯೇ ನೋಡಿರಿ. ಇವೆರಡರ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ 40ರಿಂದ 60 ಡೆಸಿಬೆಲ್, ಅಂದರೆ ವೋಲ್ಟೇಜಿನಲ್ಲಿ 100ರಿಂದ 1000 ಪಟ್ಟು. ರಿಸೀವರ್ ಲೈನ್‌ನಲ್ಲಿದ್ದು ಮಿಕ್ಸರಿನ ಮೈಕ್ ತೂತಿಗೆ ಚುಚ್ಚಿದ್ದರೆ ಸ್ವರ ಒಡೆಯುತ್ತದೆ. ತದ್ವಿರುದ್ಧವಾಗಿದ್ದರೆ ಸ್ವರ ಸಾಲದೆ 'ಸ್ಸ್' ತುಂಬುತ್ತದೆ. ಎರಡೂ ಕಡೆ ಒಂದೇ ಬಗೆ ಇರಲಿ.

6. ಮಿಕ್ಸರಿನಲ್ಲಿ ಪಿಎಫ್‌ಎಲ್ ಗುಂಡಿ ಇದ್ದರೆ ಒತ್ತಿರಿ. ಸಾಧಾರಣ ಮಾತಿಗೆ ಮೀಟರ್ 0ಯ ಸುತ್ತಮುತ್ತ ಆಡುವಂತೆ ಮಿಕ್ಸರಿನ ಗೇನ್ ಏರಿಸಿರಿ. ಆಮೇಲೆ ಗುಂಡಿ ಬಿಟ್ಟು ಫೇಡರನ್ನು 0 ಗುರುತಿಗೆ ತನ್ನಿರಿ. ಫೇಡರ್ ಯಾವಾಗಲೂ ತಳದಲ್ಲೇ ಇರಬೇಕಾಗಿ ಬಂದರೆ ಹಿಂದೆ ಎಲ್ಲೋ ಗೇನ್ ಅತಿಯಾಗಿದೆ ಎಂದರ್ಥ.

7. ಕೊನೆಗೆ ಆಂಪ್ಲಿಫೈಯರನ್ನು ಏರಿಸಿರಿ. ಕೊನೆಯ ಬೆಂಚಿನವರು ಕೈ ಎತ್ತಿದಾಗ ನಿಲ್ಲಿಸಿರಿ. ಮೈಕ್ ಕಿರುಚತೊಡಗುವ ಮಟ್ಟ ಎಲ್ಲಿದೆ ಎಂದು ನೋಡಿಕೊಂಡು ಅದಕ್ಕಿಂತ ಸುಮಾರು 6 ಡೆಸಿಬೆಲ್ ಕೆಳಗೆ ಇರಿ.

8. ಎಲ್ಲ ಗುಂಡಿಗಳ ಸ್ಥಾನವನ್ನು ಬಿಳಿ ಪೇಂಟಿನಿಂದ ಗುರುತು ಮಾಡಿರಿ. ಒಂದು ಕಾಗದದಲ್ಲಿ ಬರೆದು ಸಾಕ್ರಿಸ್ತಿಯಲ್ಲಿ ಅಂಟಿಸಿರಿ. ಗುರುಗಳು ಬದಲಾದರೆ 3 ಮತ್ತು 4ನೇ ಹೆಜ್ಜೆಗಳನ್ನು ಮಾತ್ರ ಮತ್ತೆ ಮಾಡಿದರೆ ಸಾಕು.

ಯಾವ ಸದ್ದಿಗೆ ಯಾವ ಮದ್ದು?

'ಸ್ಸ್' ಜೋರಾಗಿದ್ದು ಮಾತು ಕ್ಷೀಣವಾಗಿದ್ದರೆ ಪೆಟ್ಟಿಗೆಯ ಗೇನ್ ಕಡಿಮೆಯಿದೆ ಅಥವಾ ಮೈಕ್ ಬಾಯಿಂದ ದೂರವಿದೆ.

ಜೋರಿನ ಮಾತು ಒಡೆದಂತೆ ಕೇಳಿಸಿದರೆ ಫೇಡರ್ ಇಳಿಸಿ ನೋಡಿರಿ. ಸ್ವರ ಸಣ್ಣದಾದರೂ ಒಡಕು ಉಳಿದಿದ್ದರೆ ದೋಷ ಫೇಡರಿಗಿಂತ ಹಿಂದಿದೆ. ಮೊದಲು ಪೆಟ್ಟಿಗೆಯ ಗೇನ್, ನಂತರ ಮಿಕ್ಸರಿನ ಗೇನ್ ಪರೀಕ್ಷಿಸಿರಿ.

'ಕೂಂ' ಅಥವಾ 'ಕೀಂ' ಎಂದು ಕೂಗಿದರೆ ಸ್ಪೀಕರಿನ ಸ್ವರ ಮರಳಿ ಮೈಕನ್ನು ಸೇರುತ್ತಿದೆ. ಗುರುಗಳು ಸ್ಪೀಕರಿನ ಮುಂದೆ ಬಂದು ಪ್ರವಚನ ನೀಡಿದರೆ ಹೀಗಾಗುತ್ತದೆ. ಎಲ್ಲ ಮೈಕುಗಳನ್ನೂ ತೆರೆದಿಟ್ಟರೂ ಹೀಗೇ. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಸುಮಾರು 3 ಡೆಸಿಬೆಲ್ ಅವಕಾಶ ಕಳೆದುಕೊಳ್ಳುತ್ತೇವೆ. ಗಾನವೃಂದದ ನಾಲ್ಕು, ವಾಚನ ಪೀಠದ ಒಂದು, ಬಲಿಪೀಠದ ಎರಡು, ಕಾಲರ್ ಮೈಕ್ ಒಂದು ಸೇರಿ ಎಂಟೂ ತೆರೆದಿದ್ದರೆ 9 ಡೆಸಿಬೆಲ್ ಹೋಯಿತು. ಮಾತಾಡದವರ ಮೈಕ್ ಮುಚ್ಚುವುದೇ ಇದಕ್ಕೆ ಖರ್ಚಿಲ್ಲದ ಮದ್ದು.

ಸ್ವರ ನಡುನಡುವೆ ತಟಕ್ಕನೆ ಕಡಿದುಹೋದರೆ ಅದು ಗೇನಿನ ದೋಷವಲ್ಲ. ಸೆಲ್ ಮುಗಿದಿರಬಹುದು, ಇಲ್ಲವೇ ರೇಡಿಯೋ ಸಂಕೇತ ತಲುಪುತ್ತಿಲ್ಲ. ಮನುಷ್ಯರ ಮೈ ರೇಡಿಯೋ ಅಲೆಗಳನ್ನು ಹೀರುತ್ತದೆ. ಹಬ್ಬದ ದಿನ ಚರ್ಚ್ ತುಂಬಿದಾಗ ತೊಂದರೆ ಕಾಣಿಸಿಕೊಳ್ಳುವುದು ಇದರಿಂದಲೇ. ರಿಸೀವರನ್ನು ಕಬ್ಬಿಣದ ಕಪಾಟಿನೊಳಗೆ ಇಡಬೇಡಿ. ಮೈಕಿಗೆ ನೇರವಾಗಿ ಕಾಣುವಂತೆ ಎತ್ತರದಲ್ಲಿಟ್ಟು ಅದರ ಎರಡು ಆಂಟೆನಾಗಳನ್ನು ಹರಡಿ ನಿಲ್ಲಿಸಿರಿ.

ಇನ್ನೊಂದು ಕಾರಣ ಈಚಿನದು. ಹಳೆಯ ಸೆಟ್ಟುಗಳ ಹಿಂದೆ 700ರಿಂದ 800 ಮೆಗಾಹರ್ಟ್ಸ್ ನಡುವಿನ ಸಂಖ್ಯೆ ಬರೆದಿದ್ದರೆ ಗಮನಿಸಿರಿ. 2022ರ ತರಂಗಾಂತರ ಹರಾಜಿನಲ್ಲಿ ನಮ್ಮ ದೇಶದ 700 ಮೆಗಾಹರ್ಟ್ಸ್ ಪಟ್ಟಿ ಮೊದಲ ಬಾರಿಗೆ ಮಾರಾಟವಾಗಿ ಮೊಬೈಲ್ ಸೇವೆಗೆ ಹೋಯಿತು. ಅಂಥ ಮೈಕಿಗೆ ಮೊಬೈಲ್ ಗೋಪುರದ ಅಡ್ಡಿ ಬರಬಹುದು. ಯಾವ ಗುಂಡಿ ತಿರುಗಿಸಿದರೂ ಅದು ಹೋಗುವುದಿಲ್ಲ. ಹೊಸ ಸೆಟ್ ಕೊಳ್ಳುವುದು ನ್ಯಾಯವಾಗುವ ಸಂದರ್ಭ ಇದು. 2.4 ಗಿಗಾಹರ್ಟ್ಸ್ ಮೈಕುಗಳು ಅಗ್ಗ, ಆದರೆ ವೈಫೈ ಕೂಡ ಅದೇ ದಾರಿಯಲ್ಲಿ ಓಡಾಡುತ್ತದೆ ಎಂಬುದು ನೆನಪಿರಲಿ.

ಕೆಲವು ಕಿವಿಮಾತುಗಳು

ವಾಚಕರೇ, ಕೈಯಲ್ಲಿ ಹಿಡಿಯುವ ಮೈಕಿನ ಜಾಲರಿಯನ್ನು ಮುಷ್ಟಿಯಿಂದ ಮುಚ್ಚಬೇಡಿ, ಅದು ಕಿರುಚಲು ಅದೇ ದೊಡ್ಡ ಕಾರಣ. ಮೈಕ್ ಕೆಲಸ ಮಾಡುತ್ತಿದೆಯೇ ಎಂದು ಬೆರಳಿನಿಂದ ಬಡಿಯಬೇಡಿ, ಬಾಯಿಂದ ಊದಬೇಡಿ.

ಗುರುಗಳೇ, ಕಾಲರ್ ಮೈಕ್ ಧರಿಸಿ ಗಾನವೃಂದದೊಂದಿಗೆ ನಾವು ಹಾಡಿದರೆ ಇಡೀ ಚರ್ಚಿಗೆ ನಮ್ಮ ಸ್ವರವೊಂದೇ ಕೇಳುತ್ತದೆ. ಸಾಕ್ರಿಸ್ತಿಗೆ ಮರಳಿದ ಮೇಲೂ ಮೈಕ್ ಆರಿಸದೆ ಆಡಿದ ಮಾತು ಎಲ್ಲರ ಕಿವಿಗೂ ಬಿದ್ದದ್ದುಂಟು. ಈ ಪಾಠವನ್ನು ನಾವು ಸ್ವಂತ ಅನುಭವದಿಂದ ಕಲಿತಿದ್ದೇವೆ, ವಿವರ ಕೇಳಬೇಡಿ.

ಸೆಲ್ಲುಗಳ ವಿಷಯದಲ್ಲಿ ಜಿಪುಣತನ ಬೇಡ. ಸಾಧಾರಣ ಪೆನ್ಸಿಲ್ ಸೆಲ್ 1.5 ವೋಲ್ಟ್, ಚಾರ್ಜ್ ಮಾಡುವಂಥದ್ದು 1.2 ವೋಲ್ಟ್. ಹಳೆಯದನ್ನೂ ಹೊಸದನ್ನೂ ಬೆರೆಸಬೇಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಸೆಲ್ ಕೂರುವ ಪಟ್ಟಿಗಳು ಬೇಗ ಕಿಲುಬು ಹಿಡಿಯುತ್ತವೆ. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಿ, ಬಳಸದಾಗ ಸೆಲ್ ತೆಗೆದಿಡಿ. ಮೈಕಿನ ಮೇಲೆ ನೇರವಾಗಿ ಬೀಸುವ ಫ್ಯಾನ್ ಆರಿಸಿರಿ. ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದು ಏರಿದಾಗ ಗೇನ್ ಮುಟ್ಟದೆ ಫೇಡರನ್ನಷ್ಟೇ ಏರಿಸಿರಿ.

ಜೋರು ಸ್ವರ ಬೇರೆ, ಸ್ಪಷ್ಟ ಸ್ವರ ಬೇರೆ. ಹೊರಗಿನ ರಸ್ತೆಗೆ ಕೇಳಿಸುವಷ್ಟು ಏರಿಸುವುದು ನಮ್ಮ ಗುರಿಯಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ನಿರ್ಬಂಧವಿದೆ ಎಂಬುದನ್ನು ಹಬ್ಬದ ಸಮಿತಿಯವರು ಮರೆಯಬಾರದು.

ಪಾಲನಾ ಸಮಿತಿಗಳಿಗೆ ಒಂದು ಮಾತು. ಹೊಸ ಸೆಟ್ಟಿನ ಪಟ್ಟಿ ತರಿಸುವ ಮೊದಲು ಒಂದು ಶನಿವಾರ ಸಂಜೆಯನ್ನು ಈ ಕೆಲಸಕ್ಕೆ ಮೀಸಲಿಡಿ. ಮೈಕ್ ನೋಡಿಕೊಳ್ಳುವ ಯುವಕ ಯುವತಿಯರಿಗೆ ಕಲಿಯಲು ಅವಕಾಶ ಕೊಡಿ. ಎಲ್ಲವೂ ಸರಿಯಿದ್ದಾಗ ಅವರನ್ನು ಯಾರೂ ನೆನೆಯುವುದಿಲ್ಲ, ಒಮ್ಮೆ ಮೈಕ್ ಕಿರುಚಿದರೆ ಇಡೀ ಚರ್ಚ್ ತಿರುಗಿ ನೋಡುತ್ತದೆ. ಅವರದೂ ಬಲಿಪೀಠದ ಸೇವೆಯೇ.

ಮೈಲೂರಿನಿಂದ ಹೊರಡುವ ದಿನ ಬೆಳಿಗ್ಗೆ ಅದೇ ಸಭಾಂಗಣದಲ್ಲಿ ಹತ್ತಿಪ್ಪತ್ತು ಜನರಿಗೆ ನಾವು ಪೂಜೆ ಅರ್ಪಿಸಿದೆವು. ಆ ತಾಯಿ ಹಿಂದಿನ ಸಾಲಿನಲ್ಲಿ, ಕೂಲರಿನ ಪಕ್ಕದಲ್ಲೇ ಕುಳಿತಿದ್ದರು. ಮೃತರಿಗಾಗಿ ಪ್ರಾರ್ಥಿಸುವಾಗ ಅವರ ಪತಿಯ ಹೆಸರನ್ನು ಮತ್ತೊಮ್ಮೆ ಹೇಳಿದೆವು. ಸ್ವರ ಏರಿಸಬೇಕಾಗಲಿಲ್ಲ. ಅವರು ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು ಶಿಲುಬೆಯ ಗುರುತು ಹಾಕಿಕೊಂಡರು. ಮಿಕ್ಸರಿನ ಬಳಿ ಕುಳಿತಿದ್ದ ಹುಡುಗ ಅದನ್ನು ನೋಡಿದ.

ನಿಮ್ಮ ಧರ್ಮಕೇಂದ್ರದ ಕೊನೆಯ ಬೆಂಚಿನಲ್ಲೂ ಅಂಥವರೊಬ್ಬರು ಕುಳಿತಿರುತ್ತಾರೆ. ಈ ಶನಿವಾರ ಅಲ್ಲಿ ಹೋಗಿ ಕುಳಿತು ಒಮ್ಮೆ ಕೇಳಿರಿ. ದೇವರು ನಿಮ್ಮನ್ನು ಆಶೀರ್ವದಿಸಲಿ.